ಘಟ್ಟ ಇಳಿದರೆ ಮುಗೀತು ಅಂದುಕೊಳ್ಳಬೇಡಿ

ಮಳೆ ಹಿಂದೆ ಸರಿಯುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳೂ ಬದಲಾಗುತ್ತವೆ. ಸೋರುವ ಮಾಡು, ಒಣಗದ ಬಟ್ಟೆ, ಅಡಿಕೆ ಕೊಳೆ ಎಲ್ಲ ಮುಗಿದು ತಿರುಗಾಟದ ಮಾತು ಶುರುವಾಗುತ್ತದೆ. ಈ ಸಲ ಸೈಕಲ್ಲಿನ ಪತ್ರಗಳೇ ಜಾಸ್ತಿ. ಬರೆದವರಲ್ಲಿ ಹೆಚ್ಚಿನವರಿಗೆ ಶಿವಮೊಗ್ಗ ಕಡೆಯಿಂದ ಘಟ್ಟ ಇಳಿದು ಸಮುದ್ರದ ಪಕ್ಕದಲ್ಲಿ ಕೆಲವು ದಿನ ತುಳಿಯುವ ಆಸೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ಇಬ್ಬರು ಗೆಳೆಯರು, ಇಬ್ಬರ ಹತ್ತಿರವೂ ಗೇರ್ ಸೈಕಲ್ ಇದೆ. ದಿನಕ್ಕೆ 60-70 ಕಿಲೋಮೀಟರ್ ಆರಾಮಾಗಿ ತುಳಿಯುತ್ತೇವೆ. ನಾಲ್ಕು ದಿನ ರಜೆ. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ಇಳಿದು ಉಡುಪಿ, ಅಲ್ಲಿಂದ ಉತ್ತರಕ್ಕೆ ಹೊನ್ನಾವರ, ಮತ್ತೆ ಗೇರುಸೊಪ್ಪೆ ಘಾಟಿಯಲ್ಲಿ ಹತ್ತಿ ಜೋಗ, ಸಾಗರ ಅಂತ ಯೋಚಿಸಿದ್ದೇವೆ. ಆಗುಂಬೆ ಒಂದು ದಾಟಿದರೆ ಆಮೇಲೆ ಕರಾವಳಿ ಸಪಾಟು ಅಲ್ವಾ, ಅಲ್ಲಿ ಹೊತ್ತು ಉಳಿಸಬಹುದು ಅಂತ ಲೆಕ್ಕ. ಸರಿಯಾ?
(ಶಿವಮೊಗ್ಗ, ವಿನೋಬನಗರದ ಓದುಗರು)

ಉತ್ತರ: ದಾರಿ ಚೆನ್ನಾಗಿದೆ, ದಿಕ್ಕು ಉಲ್ಟಾ ಆಗಿದೆ. ಲೆಕ್ಕದಲ್ಲೂ ಒಂದು ತಪ್ಪಿದೆ.

ಮೊದಲು ಲೆಕ್ಕ. ನೀವು ಇರುವ ಊರೇ ಎತ್ತರದಲ್ಲಿದೆ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರ, ಶಿವಮೊಗ್ಗ ಅದಕ್ಕಿಂತ ಸ್ವಲ್ಪವೇ ಕೆಳಗೆ. ಆಗುಂಬೆಗೆ ಹೋಗುವುದು ಅಂದರೆ ಏರಿಳಿತದ ರಸ್ತೆಯಲ್ಲಿ ಸುಮಾರು 90 ಕಿಲೋಮೀಟರ್ ತುಳಿದು, ಕೊನೆಗೆ 14 ತಿರುವು ಇಳಿದು ಸೋಮೇಶ್ವರ ಮುಟ್ಟುವುದು, ಅಷ್ಟೇ. ಆ ಇಳಿಜಾರಿಗೆ ಅರ್ಧ ಗಂಟೆ, ನಿಂತು ನೋಡಿಕೊಂಡು ಇಳಿದರೆ ಮುಕ್ಕಾಲು ಗಂಟೆ. ಎಲ್ಲರೂ ಹೆದರುವುದು ಆ ಅರ್ಧ ಗಂಟೆಗೆ. ಆಮೇಲಿನ ಎರಡು ದಿನಕ್ಕೆ ಯಾರೂ ಹೆದರುವುದಿಲ್ಲ, ಆದರೆ ಜನ ಸುಸ್ತಾಗಿ ಬಸ್ ಹತ್ತುವುದು ಅಲ್ಲೇ.

ನಮ್ಮ ಕರಾವಳಿ ಸಪಾಟಲ್ಲ. ಘಟ್ಟದಿಂದ ಇಳಿದ ಹೊಳೆಗಳು ಸಾಲಾಗಿ ಸಮುದ್ರ ಸೇರುತ್ತವೆ, ಒಂದು ಹೊಳೆಗೂ ಇನ್ನೊಂದು ಹೊಳೆಗೂ ನಡುವೆ ಕೆಂಪುಕಲ್ಲಿನ ಗುಡ್ಡ. ರಸ್ತೆ ಸೇತುವೆಗೆ ಇಳಿಯುತ್ತದೆ, ದಾಟಿ ಗುಡ್ಡ ಹತ್ತುತ್ತದೆ, ಮತ್ತೆ ಇಳಿಯುತ್ತದೆ. ಹೊನ್ನಾವರದ ಶರಾವತಿ ಸೇತುವೆಯಿಂದ ಕುಂದಾಪುರದ ತನಕ ಇದೇ ಕತೆ. ಶಿರೂರಿನಿಂದ ಬೈಂದೂರಿಗೆ ಬರುವಾಗ ಒತ್ತಿನೆಣೆ ಗುಡ್ಡವೇ ಅಡ್ಡ ಸಿಗುತ್ತದೆ. ಒಂದೊಂದು ಏರೂ ಸಣ್ಣದೇ, ಕಾರಿನಲ್ಲಿ ಹೋದವರಿಗೆ ಗೊತ್ತೂ ಆಗುವುದಿಲ್ಲ, ಆದರೆ ಮಧ್ಯಾಹ್ನ 12 ಗಂಟೆಗೆ ನೆರಳೇ ಇಲ್ಲದ ಚತುಷ್ಪಥದಲ್ಲಿ ಚೀಲ ಕಟ್ಟಿಕೊಂಡು ಹತ್ತುವವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಮೇಲಿಂದ ಸೆಕೆ. ಮಲೆನಾಡಿನಲ್ಲಿ ಬೆವರಿದರೆ ಗಾಳಿಗೆ ಆರುತ್ತದೆ, ಮೈ ತಣ್ಣಗಾಗುತ್ತದೆ. ಕೆಳಗೆ ಬೆವರು ಆರುವುದೇ ಇಲ್ಲ, ಸುಮ್ನೆ ಇಳಿಯುತ್ತಲೇ ಇರುತ್ತದೆ. ಮೇಲೆ ದಿನಕ್ಕೆ 70 ತುಳಿಯುವವರು ಕೆಳಗೆ 55ಕ್ಕೆ ಪ್ಲಾನ್ ಹಾಕುವುದು ಒಳ್ಳೆಯದು.

ಈಗ ದಿಕ್ಕು. ಮಳೆಗಾಲ ಕಳೆದ ಮೇಲೆ ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಮೆಲ್ಲಗೆ ಬೀಸುತ್ತದೆ. ಬಿಸಿಲೇರಿದ ಮೇಲೆ ಸಮುದ್ರದ ಗಾಳಿ ಶುರು, ಅದು ಹೆಚ್ಚಾಗಿ ವಾಯವ್ಯದಿಂದ. ಉಡುಪಿಯಿಂದ ಹೊನ್ನಾವರಕ್ಕೆ ಹೊರಟರೆ ದಿನಾ ಮಧ್ಯಾಹ್ನ ಆ ಗಾಳಿ ಎದೆಗೆ ಬಡಿಯುತ್ತದೆ. ಹೊನ್ನಾವರದಿಂದ ಉಡುಪಿ ಕಡೆ ಬಂದರೆ ಅದೇ ಗಾಳಿ ಓರೆಯಾಗಿ ಬೆನ್ನಿಗೆ. ಇದೊಂದೇ ಕಾರಣಕ್ಕೆ ನಾನಾದರೆ ಉತ್ತರದಿಂದ ದಕ್ಷಿಣಕ್ಕೆ ಬರುತ್ತೇನೆ.

ಹಾಗಾಗಿ ಹೀಗೆ ಮಾಡಿ. ಮೊದಲ ದಿನ ರೈಲಿನಲ್ಲಿ ತಾಳಗುಪ್ಪ. ಅಲ್ಲಿಂದ ಜೋಗಕ್ಕೆ ಹದಿನೈದು ಕಿಲೋಮೀಟರ್ ಹತ್ತಿರ. ಜೋಗದಿಂದ ಮಾವಿನಗುಂಡಿ ಮೇಲೆ ಮಾಲೆಮನೆ ಘಾಟಿ ಇಳಿದು ಗೇರುಸೊಪ್ಪೆ, ಹೊನ್ನಾವರ: ಸುಮಾರು 60. ಈ ಘಾಟಿ ಆಗುಂಬೆಯಷ್ಟು ಕಡಿದಲ್ಲ, ಉದ್ದಕ್ಕೆ ನಿಧಾನವಾಗಿ ಇಳಿಯುತ್ತದೆ, ಕಾಡಂತೂ ಬಹಳ ಚೆನ್ನ. ಶರಾವತಿ ಕಣಿವೆ ಕಾಣುವ ಕಡೆ ನಿಲ್ಲಿ. ಅದೃಷ್ಟ ಇದ್ದರೆ ಸಿಂಗಳೀಕ ಕಾಣಬಹುದು. ಗೇರುಸೊಪ್ಪೆಯಲ್ಲಿ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಕಾಲ ನೆನಪಿಸುವ ಚತುರ್ಮುಖ ಬಸದಿ ಇದೆ, ಹೊಳೆಯಾಚೆ ಕಾಡಿನೊಳಗೆ. ಅದನ್ನೂ ನೋಡುವುದಾದರೆ ಬೆಳಿಗ್ಗೆ ಬೇಗ ಹೊರಡಬೇಕು.

ಎರಡನೇ ದಿನ ಹೊನ್ನಾವರದಿಂದ ಬೈಂದೂರು, 55-60 ಕಿಲೋಮೀಟರ್. ಸೇತುವೆ ದಾಟಿದ ಕೂಡಲೇ ಕಾಸರಕೋಡು ಕಡಲತೀರ, 2020ರಲ್ಲಿ ಸ್ವಚ್ಛ ಕಡಲತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದ್ದು. ಪಕ್ಕದಲ್ಲೇ ಅಪ್ಸರಕೊಂಡ. ಬಿಸಿಲು ಏರುವ ಮೊದಲು ಮುರುಡೇಶ್ವರ ಮುಟ್ಟಿ, ಮಧ್ಯಾಹ್ನ ಅಲ್ಲೇ ಎಲ್ಲಾದರೂ ನೆರಳಲ್ಲಿ ಒರಗಿ, ಮೂರೂವರೆ ಮೇಲೆ ಹೊರಡಿ. ಗಾಳಿ ಆಗ ನಿಮ್ಮ ಕಡೆ ಇರುತ್ತದೆ.

ಮೂರನೇ ದಿನ ಮರವಂತೆ. ಇದನ್ನು ಬೆಳಿಗ್ಗೆ ಏಳರೊಳಗೆ ದಾಟಬೇಕು ಅಂತ ನನ್ನ ಹಟ. ಬಲಕ್ಕೆ ಸಮುದ್ರ, ಎಡಕ್ಕೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಹತ್ತು ಗಂಟೆಯಾದರೆ ಕಾರುಗಳು ಅಡ್ಡಾದಿಡ್ಡಿ ನಿಂತು ಫೋಟೊ ಕಾರ್ಯಕ್ರಮ ಶುರುವಾಗುತ್ತದೆ, ಬಾಗಿಲು ಯಾವ ಕ್ಷಣ ತೆರೆಯುತ್ತದೋ ಹೇಳಲಾಗದು. ಕುಂದಾಪುರ ದಾಟಿ ಬ್ರಹ್ಮಾವರದಲ್ಲಿ ಉಳಿಯಿರಿ. ಉಡುಪಿಗೆ ಹೋಗಲೇಬೇಕಿಲ್ಲ, ಬ್ರಹ್ಮಾವರದಿಂದ ಹೆಬ್ರಿಗೆ ಒಳರಸ್ತೆ ಇದೆ. ಗದ್ದೆ, ತೋಟ, ನೆರಳು.

ನಾಲ್ಕನೇ ದಿನ ಹೆಬ್ರಿ, ಸೋಮೇಶ್ವರ, ಆಗುಂಬೆ. ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು: ಹತ್ತುವುದಕ್ಕೆ ಗೇರುಸೊಪ್ಪೆಯೇ ಸುಲಭ, ಆಗುಂಬೆ ಕಷ್ಟ. ಹತ್ತು ಕಿಲೋಮೀಟರಿನಲ್ಲಿ 500 ಮೀಟರಿಗೂ ಜಾಸ್ತಿ ಏರಬೇಕು. ಆದರೆ ದಾರಿಯಿಡೀ ಕಾಡಿನ ನೆರಳಿದೆ, ಬೆಳಿಗ್ಗೆ ತಂಪು, ಸಣ್ಣ ಗೇರಿಗೆ ಹಾಕಿ ಮಾತಾಡಿಕೊಂಡು ಹತ್ತಿದರೆ ಎರಡು ಗಂಟೆಯ ಕೆಲಸ. ಆಗದಿದ್ದರೆ ಇಳಿದು ತಳ್ಳಿ, ಯಾರು ಕೇಳುತ್ತಾರೆ? ಆಗುಂಬೆಯಲ್ಲಿ ಊಟ ಮಾಡಿ ಬಸ್ಸಿಗೆ ಸೈಕಲ್ ಹಾಕಿದರೆ ಸಂಜೆಗೆ ಮನೆ.

ಪ್ರಶ್ನೆ: ರೈಲಿಗೆ, ಬಸ್ಸಿಗೆ ಸೈಕಲ್ ಹಾಕಿಕೊಳ್ಳುತ್ತಾರಾ?
(ಭದ್ರಾವತಿ)

ಉತ್ತರ: ರೈಲಿನಲ್ಲಿ ಲಗೇಜ್ ಬೋಗಿಗೆ ಬುಕ್ ಮಾಡಬೇಕು, ಸೀಟಿನ ಪಕ್ಕ ಒರಗಿಸಿಕೊಂಡು ಹೋಗುವಂತಿಲ್ಲ. ಹಿಂದಿನ ದಿನವೇ ಶಿವಮೊಗ್ಗದ ಪಾರ್ಸೆಲ್ ಕಚೇರಿಗೆ ಹೋಗಿ ನೀವು ಹೋಗುವ ಗಾಡಿಗೆ ಲಗೇಜ್ ಬೋಗಿ ಇದೆಯಾ, ತಾಳಗುಪ್ಪದಲ್ಲಿ ಇಳಿಸಿಕೊಡುತ್ತಾರಾ ಅಂತ ಕೇಳಿ. ಪಂಪು, ಬಾಟಲಿ, ಲೈಟು ಬಿಚ್ಚಿಟ್ಟುಕೊಳ್ಳಿ. ಹೆಸರು, ಊರು ಬರೆದ ರಟ್ಟು ಕಟ್ಟಿ. ಹಿಂದಿನ ಗೇರಿನ ಭಾಗಕ್ಕೆ ಹಳೇ ಗೋಣಿ ಸುತ್ತಿದರೆ ಬಾಗುವುದು ತಪ್ಪುತ್ತದೆ.

ಬಸ್ಸಿನದು ಕಂಡಕ್ಟರ್ ಮರ್ಜಿ. ಆಗುಂಬೆ ಘಾಟಿಯಲ್ಲಿ ಓಡುವುದು ಮಿನಿ ಬಸ್ಸು, ಕೆಲವಕ್ಕೆ ಟಾಪಿನಲ್ಲಿ ಜಾಗ ಇರುತ್ತದೆ, ಕೆಲವಕ್ಕೆ ಇಲ್ಲ. ಮುಂದಿನ ಚಕ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಕೇಳಿ ನೋಡಿ, ಇಡೀ ಸೈಕಲ್ ನಿಲ್ಲಿಸಿಕೊಂಡು ಕೇಳುವುದಕ್ಕಿಂತ "ಹ್ಞೂಂ" ಸಿಗುವುದು ಜಾಸ್ತಿ.

ಪ್ರಶ್ನೆ: ಆಗುಂಬೆ ಇಳಿಯುವಾಗ ಬ್ರೇಕ್ ಹಿಡಿದೇ ಇರಬೇಕಾ, ಬಿಟ್ಟು ಬಿಟ್ಟು ಹಿಡಿಯಬೇಕಾ? ಅಣ್ಣ ಮುಂದಿನ ಬ್ರೇಕ್ ಮುಟ್ಟಲೇಬೇಡ, ಮಗುಚಿ ಬೀಳುತ್ತೀ ಅಂತಾನೆ.
(ತೀರ್ಥಹಳ್ಳಿಯ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಅಣ್ಣನಿಗೆ ಹೇಳಿ, ಇಳಿಜಾರಿನಲ್ಲಿ ಸೈಕಲ್ ನಿಲ್ಲಿಸುವುದೇ ಮುಂದಿನ ಬ್ರೇಕು. ಇಳಿಯುವಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಬರೀ ಹಿಂದಿನದನ್ನೇ ಒತ್ತಿದರೆ ಅದು ಲಾಕ್ ಆಗಿ ಪಕ್ಕಕ್ಕೆ ಜಾರುತ್ತದೆ. ಮಗುಚುವುದು ಮುಂದಿನದನ್ನು ಗಾಬರಿಯಲ್ಲಿ ಗಬಕ್ಕನೆ ಒತ್ತಿದಾಗ. ಎರಡನ್ನೂ ಒಟ್ಟಿಗೆ, ಮುಂದಿನದನ್ನು ಸ್ವಲ್ಪ ಜಾಸ್ತಿ, ಮೆಲ್ಲಗೆ ಬಿಗಿ ಮಾಡುತ್ತಾ ಹೋಗಬೇಕು. ಮೈಯನ್ನು ಸೀಟಿನ ಹಿಂಭಾಗಕ್ಕೆ ಸರಿಸಿ.

ಹಿಡಿದೇ ಇದ್ದರೆ ರಿಮ್ಮು, ರಬ್ಬರು ಎರಡೂ ಕಾಯುತ್ತವೆ. ತುಂಬಾ ಕಾದರೆ ಬ್ರೇಕ್ ಹಿಡಿತ ಸಡಿಲವಾಗುತ್ತದೆ, ಒಳಗಿನ ಟ್ಯೂಬ್ ಒಡೆಯಲೂಬಹುದು. ಡಿಸ್ಕ್ ಆದರೆ ಟ್ಯೂಬಿನ ಭಯ ಇಲ್ಲ, ಆದರೆ ಡಿಸ್ಕೂ ಕಾದು ಕಿರುಚುತ್ತದೆ. ಆದ್ದರಿಂದ ನೇರ ಇರುವಲ್ಲಿ ಸ್ವಲ್ಪ ಬಿಡಿ, ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ವೇಗ ಪೂರ್ತಿ ಇಳಿಸಿ, ತಿರುವಿನೊಳಗೆ ಬ್ರೇಕ್ ಹೆಚ್ಚು ಮುಟ್ಟದೆ ತಿರುಗಿಸಿ. ಹೊರಗಡೆಯ ಪೆಡಲ್ ಕೆಳಗಿರಲಿ. ನಾಲ್ಕೈದು ತಿರುವಿಗೊಮ್ಮೆ ನಿಂತು ತಣಿಸಿ. ನಿಲ್ಲುವುದು ತಿರುವಿನಲ್ಲಿ ಅಲ್ಲ, ಎರಡೂ ಕಡೆಯಿಂದ ಕಾಣುವ ಜಾಗದಲ್ಲಿ. ಆಗುಂಬೆಯ ತಿರುವು ಎಷ್ಟು ಇಕ್ಕಟ್ಟು ಅಂದರೆ ಕೆಳಗಿನಿಂದ ಬರುವ ಮಿನಿ ಬಸ್ಸಿಗೆ ಇಡೀ ರಸ್ತೆ ಬೇಕು. ಹಾರ್ನ್ ಕೇಳಿದರೆ ಮೇಲೇ ನಿಂತು ದಾರಿ ಬಿಡಿ. ಹತ್ತುವ ಗಾಡಿಗೆ ಮೊದಲ ಹಕ್ಕು.

ಹೊರಡುವ ಹಿಂದಿನ ದಿನ ಒಂದು ಕೆಲಸ ಮಾಡಿ. ಬ್ರೇಕ್ ರಬ್ಬರನ್ನು ಬೆಳಕಿಗೆ ಹಿಡಿದು ನೋಡಿ. ಅಡ್ಡಕ್ಕೆ ಸಣ್ಣ ಗೆರೆಗಳಿರುತ್ತವೆ, ಅವು ಸವೆದು ನುಣ್ಣಗಾಗಿದ್ದರೆ ಬದಲಿಸಿ. ಗೆರೆಯೊಳಗೆ ಮಿನುಗುವ ಚೂರು ಕಂಡರೆ ಅದು ರಿಮ್ಮಿನಿಂದ ಕೆರೆದು ಬಂದ ಲೋಹ ಅಥವಾ ಮರಳು, ಪಿನ್ನಿನಿಂದ ಕಿತ್ತು ತೆಗೆಯಿರಿ. ಆಮೇಲೆ ಲಿವರ್ ಪೂರ್ತಿ ಒತ್ತಿ ಒಳಗಿನ ವಯರ್ ನೋಡಿ. ವಯರ್ ಎಳೆ ಬಿಡಲು ಶುರುವಾಗುವುದು ಅಲ್ಲೇ, ಲಿವರಿನ ಬುಡದಲ್ಲಿ, ಹೊರಗಿನಿಂದ ಕಾಣದ ಕಡೆ. ಒಂದೇ ಒಂದು ಎಳೆ ಕಿತ್ತಿದ್ದರೂ ಹೊಸದು ಹಾಕಿಸಿ.

ಇನ್ನು ಮಂಗಗಳು. ತಿರುವಿನಲ್ಲಿ ಕೂತಿರುತ್ತವೆ, ಕಾರಿನವರು ತಿಂಡಿ ಎಸೆದು ಅಭ್ಯಾಸ ಮಾಡಿಸಿದ್ದಾರೆ. ಪ್ಲಾಸ್ಟಿಕ್ ಚೀಲ ಹ್ಯಾಂಡಲಿಗೆ ನೇತುಹಾಕಿಕೊಂಡು ಹೋಗಬೇಡಿ.

ಪ್ರಶ್ನೆ: ನನ್ನ ಅಜ್ಜನ ಕಾಲದ ದೊಡ್ಡ ಸೈಕಲ್ ಇದೆ, ಗೇರ್ ಇಲ್ಲ, ರಾಡ್ ಬ್ರೇಕು. ಅದರಲ್ಲೇ ಹೋಗಬೇಕು ಅಂತ ಆಸೆ.
(ಸೊರಬ)

ಉತ್ತರ: ಆಸೆ ಒಳ್ಳೆಯದೇ. ಅಂಥ ಸೈಕಲ್ಲಿನಲ್ಲಿ ಮನೆಯಿಂದ ಮಂಡಿಗೆ ಅಡಿಕೆ ಮೂಟೆ ಹೊತ್ತವರ ಮೊಮ್ಮಕ್ಕಳು ನಾವೆಲ್ಲ. ಆದರೆ ಘಾಟಿ ಇಳಿಸುವುದು ಬೇಡ. ರಾಡ್ ಬ್ರೇಕಿನ ಹಿಡಿತ ಮೊದಲೇ ಕಡಿಮೆ, ಹೊಳೆಯುವ ಉಕ್ಕಿನ ರಿಮ್ ಸ್ವಲ್ಪ ಒದ್ದೆಯಾದರೆ ಅದೂ ಇಲ್ಲ. ಘಾಟಿಯಲ್ಲಿ ಬೆಳಗಿನ ಮಂಜೇ ಸಾಕು ಒದ್ದೆ ಮಾಡಲಿಕ್ಕೆ.

ಬಸ್ಸಿನ ಟಾಪಿಗೆ ಹಾಕಿ ಹೊನ್ನಾವರಕ್ಕೋ ಕುಂದಾಪುರಕ್ಕೋ ಇಳಿಸಿಕೊಳ್ಳಿ, ಸಮುದ್ರದ ಪಕ್ಕದ ಊರುಗಳಲ್ಲಿ ತಿರುಗಿ. ಏರಿಗೆ ಅನುಕೂಲ ಬೇಕಿದ್ದರೆ ಹಿಂದಿನ ಫ್ರೀವೀಲ್ ಬದಲಿಸಿ, ಈಗ 18 ಹಲ್ಲಿನದು ಇದ್ದರೆ 20 ಅಥವಾ 22 ಹಾಕಿಸಿ, ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು. ಖರ್ಚು ಜಾಸ್ತಿ ಇಲ್ಲ. ವೇಗ ಸ್ವಲ್ಪ ಕಡಿಮೆಯಾಗುತ್ತದೆ, ಮಂಡಿ ಉಳಿಯುತ್ತದೆ. ನಿಮ್ಮ ಸೈಕಲ್ಲಿಗೆ ಒಂದು ಲಾಭವೂ ಇದೆ: ಕೆಟ್ಟರೆ ಯಾವ ಊರಿನ ಪಂಕ್ಚರ್ ಅಂಗಡಿಯವನಿಗೂ ರಿಪೇರಿ ಗೊತ್ತು.

ಪ್ರಶ್ನೆ: ವಯಸ್ಸು 52, ಶಾಲೆಯಲ್ಲಿ ಟೀಚರ್. ಸ್ವಲ್ಪ ದೂರ ತುಳಿದರೆ ಮಂಡಿ ಮುಂಭಾಗ ನೋಯುತ್ತದೆ. ಬ್ಯಾಟರಿ ಸೈಕಲ್ ತಗೊಳ್ಳಲಾ? ಘಾಟಿ ಹತ್ತುತ್ತದಾ?
(ಹೊಸನಗರ)

ಉತ್ತರ: ದುಡ್ಡು ಹಾಕುವ ಮೊದಲು ಸೀಟು ಎತ್ತರಿಸಿ ನೋಡಿ, ಮೇಡಂ. ನಮ್ಮ ಕಡೆ ಎಲ್ಲರೂ ಎರಡು ಕಾಲೂ ನೆಲಕ್ಕೆ ಪೂರ್ತಿ ಊರುವ ಹಾಗೆ ಸೀಟು ಇಳಿಸಿಕೊಳ್ಳುತ್ತೇವೆ, ಬೀಳುವ ಭಯಕ್ಕೆ. ಆಗ ಪ್ರತಿ ಸುತ್ತಿಗೂ ಮಂಡಿ ಜಾಸ್ತಿ ಮಡಚುತ್ತದೆ, ಮುಂಭಾಗ ನೋಯುತ್ತದೆ. ಗೋಡೆ ಹಿಡಿದು ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಡಿ. ಕಾಲು ನೇರ ಆಗಬೇಕು. ಆಮೇಲೆ ಎಂದಿನಂತೆ ಪಾದದ ಮುಂಭಾಗದಲ್ಲಿ ತುಳಿದರೆ ಮಂಡಿ ಸ್ವಲ್ಪವೇ ಬಾಗಿರುತ್ತದೆ, ಅಷ್ಟು ಸರಿ. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಇಳಿಯುವುದು ರೂಢಿಯಾಗಲು ನಾಲ್ಕು ದಿನ ಬೇಕು. ಸೀಟು ಎತ್ತರಿಸಿದ ಮೇಲೆ ಮಂಡಿಯ ಹಿಂಭಾಗ ಎಳೆಯಲು ಶುರುವಾದರೆ ಸ್ವಲ್ಪ ಇಳಿಸಿ. ಗೇರ್ ಇದ್ದರೆ ಹಗುರ ಗೇರಿನಲ್ಲಿ ಬೇಗ ಬೇಗ ತುಳಿಯಿರಿ, ಭಾರದ ಗೇರಿನಲ್ಲಿ ಒದ್ದಾಡಬೇಡಿ. ಆಮೇಲೂ ನೋವು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಬ್ಯಾಟರಿ ಸೈಕಲ್ ಕೆಟ್ಟದ್ದೇನಲ್ಲ. 250 ವ್ಯಾಟ್, ಗಂಟೆಗೆ 25 ಕಿಲೋಮೀಟರ್ ಮಿತಿಯೊಳಗಿನದಕ್ಕೆ ಲೈಸೆನ್ಸ್, ರಿಜಿಸ್ಟ್ರೇಷನ್ ಬೇಡ. ಹೊಸನಗರದ ಸುತ್ತಿನ ದಿಬ್ಬಗಳಿಗೆ ಸಾಕು. ಆದರೆ ಹತ್ತು ಕಿಲೋಮೀಟರ್ ಒಂದೇ ಸಮನೆ ಏರುವ ಘಾಟಿಯಲ್ಲಿ ಬರೀ ಮೋಟರ್ ನಂಬಿದರೆ ಬ್ಯಾಟರಿ ಬೇಗ ಕುಸಿಯುತ್ತದೆ, ಚಕ್ರದೊಳಗಿನ ಮೋಟರ್ ಕಾಯುತ್ತದೆ. ನೀವೂ ತುಳಿಯುತ್ತಿರಬೇಕು. ಬ್ಯಾಟರಿ ಖಾಲಿಯಾದ ಮೇಲೆ ಅದು ಬರೀ ಭಾರದ ಸೈಕಲ್. ರಾತ್ರಿ ಉಳಿಯುವ ಕಡೆ ಚಾರ್ಜಿಗೆ ಹಾಕಲು ಬಿಡುತ್ತಾರಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ, ಕರೆಂಟು ಇರುತ್ತದಾ ಅನ್ನುವುದು ನಮ್ಮ ಕಡೆ ಬೇರೆಯೇ ಪ್ರಶ್ನೆ.

ಪ್ರಶ್ನೆ: ಸಿಗಂದೂರು ಸೇತುವೆ ಆಯ್ತಲ್ಲ, ಅದರ ಮೇಲೆ ಹೋಗಿ ಕೊಲ್ಲೂರಿಗೆ ಇಳಿಯಬಹುದಾ?
(ಸಾಗರ)

ಉತ್ತರ: ಖಂಡಿತ. ನನ್ನ ಕೇಳಿದರೆ ಈಗ ಸಾಗರದವರಿಗೆ ಸಮುದ್ರಕ್ಕೆ ಹೋಗಲು ಇದಕ್ಕಿಂತ ಚಂದದ ಸೈಕಲ್ ದಾರಿ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ತುಂಬಿದ ಮೇಲೆ ತುಮರಿ ಕಡೆಯವರು ಲಾಂಚಿಗೆ ಕಾಯುತ್ತಲೇ ಕಾಲ ಕಳೆದರು. 2025ರ ಜುಲೈನಲ್ಲಿ ಈ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಕಾಯುವಿಕೆ ಹೋಯಿತು. ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಎರಡೂ ಕಡೆ ಬಯಲು ನೀರು, ಅಡ್ಡಗಾಳಿ ಬರುತ್ತದೆ. ಹ್ಯಾಂಡಲ್ ಗಟ್ಟಿ ಹಿಡಿಯಿರಿ. ದೇವಸ್ಥಾನದ ಜನ ಜಾಸ್ತಿ ಇರುವ ಮಂಗಳವಾರ, ಶುಕ್ರವಾರ, ಭಾನುವಾರ ಬಿಟ್ಟು ಹೋದರೆ ರಸ್ತೆ ನಿಮ್ಮದೇ.

ತುಮರಿ ದಾಟಿದ ಮೇಲೆ ಏರಿಳಿತ ನಿಲ್ಲುವುದೇ ಇಲ್ಲ, ಅಂಗಡಿ ಕಡಿಮೆ, ನೆಟ್‌ವರ್ಕ್ ಕೇಳಲೇಬೇಡಿ. ತಿಂಡಿ, ನೀರು ತುಮರಿಯಲ್ಲೇ ತುಂಬಿಕೊಳ್ಳಿ. ನಿಟ್ಟೂರು ಕಡೆಯಿಂದ ನಾಗೋಡಿಗೆ ಬಂದರೆ ಅಲ್ಲಿಂದ ಕೊಲ್ಲೂರು ಘಾಟಿ, ಮೂಕಾಂಬಿಕಾ ಅಭಯಾರಣ್ಯದ ದಟ್ಟ ಕಾಡು. ಕತ್ತಲಾಗುವ ಮೊದಲು ಇಳಿದು ಮುಗಿಸಬೇಕು, ಇದರಲ್ಲಿ ರಾಜಿ ಬೇಡ. ಕೊಡಚಾದ್ರಿಯನ್ನೂ ಇದೇ ಓಟದಲ್ಲಿ ಮುಗಿಸುತ್ತೇವೆ ಅನ್ನುವವರಿಗೆ: ಬೇಡ ಮಾರಾಯ್ರೆ. 1343 ಮೀಟರ್ ಬೆಟ್ಟ ಅದು, ಜೀಪೇ ಒದ್ದಾಡುತ್ತದೆ. ಅದಕ್ಕೆ ಇನ್ನೊಂದು ದಿನ ಇಡಿ.

ಪ್ರಶ್ನೆ: ಹೆದ್ದಾರಿ ಬಿಟ್ಟು ಸಮುದ್ರದ ಪಕ್ಕವೇ ಹೋಗುವ ರಸ್ತೆ ಇದೆಯಾ?
(ಶಿಕಾರಿಪುರ)

ಉತ್ತರ: ಉದ್ದಕ್ಕೂ ಇಲ್ಲ, ತುಂಡು ತುಂಡಾಗಿ ಇದೆ. ನೋಡುವಂಥದ್ದೂ ಆ ತುಂಡುಗಳಲ್ಲೇ ಇರುವುದು. ಪ್ರತಿ ತುಂಡೂ ಯಾವುದೋ ಅಳಿವೆಗೆ ಹೋಗಿ ನಿಲ್ಲುತ್ತದೆ, ಆಗ ದೋಣಿ ಹುಡುಕಬೇಕು ಇಲ್ಲಾ ಹಿಂದಕ್ಕೆ ಬಂದು ಹೆದ್ದಾರಿ ಸೇತುವೆ ಹಿಡಿಯಬೇಕು.

ಕುಮಟಾದಿಂದ ಗೋಕರ್ಣಕ್ಕೆ ಹೋಗುವವರು ಹೆದ್ದಾರಿ ಬಿಟ್ಟು ಬಾಡ, ಕಾಗಾಲ ಮೇಲೆ ಅಘನಾಶಿನಿ ಊರಿಗೆ ಬಂದರೆ ಅಲ್ಲಿಂದ ತದಡಿಗೆ ದೋಣಿ. ಸೈಕಲ್ ಹಾಕಿಕೊಳ್ಳುತ್ತಾರೆ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಕುಮಟಾದಲ್ಲೇ ವಿಚಾರಿಸಿ. ದೋಣಿ ತಪ್ಪಿದರೆ ಮಿರ್ಜಾನ್ ಮೇಲೆ ಸುತ್ತಬೇಕು, ಕೋಟೆಯಾದರೂ ನೋಡಿದಂತಾಗುತ್ತದೆ ಅನ್ನಿ.

ಉಡುಪಿ ಕಡೆ ಮಲ್ಪೆಯಿಂದ ಉತ್ತರಕ್ಕೆ ಹೂಡೆ ಮೇಲೆ ಕೋಡಿ ಬೆಂಗ್ರೆ ತನಕ ಹೋಗಿ. ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸುವರ್ಣಾ ಹೊಳೆ, ಕೊನೆಗೆ ಎರಡೂ ಸೇರುವ ತುದಿ. ಬಲೆ ಹರವಿದ ಅಂಗಳ, ಒಣಮೀನು, ರಸ್ತೆಗೇ ಬಂದು ಮಲಗುವ ನಾಯಿ. ಯಾರಿಗೂ ಅವಸರ ಇರುವುದಿಲ್ಲ. ದಕ್ಷಿಣಕ್ಕೆ ಹೋದರೆ ಮಲ್ಪೆಯಿಂದ ಪಡುಕೆರೆ, ಮಟ್ಟು, ಕಾಪು. ಮಟ್ಟುಗುಳ್ಳ ಬದನೆ ಬೆಳೆಯುವ ಊರು ಇದೇ. ಕಾಪುವಿನ ದೀಪಸ್ತಂಭ 1901ರದ್ದು. ಹೆದ್ದಾರಿಯಲ್ಲಿ ಒಂದು ಗಂಟೆಯಲ್ಲಿ ಮುಗಿಯುವ ದಾರಿಗೆ ಇಲ್ಲಿ ಅರ್ಧ ದಿನ ಬೇಕು. ಸಮುದ್ರ ನೋಡಲು ಬಂದವರು ಇದನ್ನು ಬಿಟ್ಟು ಹೆದ್ದಾರಿಯಲ್ಲಿ ಲಾರಿ ನೋಡಿಕೊಂಡು ಯಾಕೆ ಹೋಗಬೇಕೋ ನನಗೆ ಗೊತ್ತಿಲ್ಲ.

ಒಂದು ಎಚ್ಚರ. ಸಮುದ್ರದ ಪಕ್ಕ ತಿರುಗಿದ ಸೈಕಲ್ಲಿಗೆ ಉಪ್ಪು ಹಿಡಿಯುತ್ತದೆ. ರಾತ್ರಿ ಉಳಿದ ಕಡೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡಿ. ಮರಳಿನ ಮೇಲೆ ತುಳಿದು ಫೋಟೊ ತೆಗೆಸಿಕೊಳ್ಳುವ ಆಸೆಯಾದರೆ ಅಲೆಯ ನೀರು ಮಾತ್ರ ಚಕ್ರದ ನಡುವಿನ ಬೇರಿಂಗಿಗೆ ಮುಟ್ಟದಿರಲಿ.

ಪ್ರಶ್ನೆ: ಕಾಡಿನ ದಾರಿಯಲ್ಲಿ ಮಂಗನ ಕಾಯಿಲೆ ಭಯ ಇದೆಯಲ್ಲ, ಸೈಕಲ್ಲಿನವರು ಏನು ಮಾಡಬೇಕು? ಉಂಬಳದ್ದೂ ಹೇಳಿ.
(ರಿಪ್ಪನ್‌ಪೇಟೆ)

ಉತ್ತರ: ಒಳ್ಳೆಯ ಪ್ರಶ್ನೆ, ಬೆಂಗಳೂರಿನಿಂದ ಬರುವವರು ಕೇಳುವುದೇ ಇಲ್ಲ. ಈ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ನಮ್ಮದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಕಡೆ ಜೀವಗಳು ಹೋದದ್ದನ್ನು ಇಲ್ಲಿನವರು ಮರೆತಿಲ್ಲ. ಕಷ್ಟ ಏನೆಂದರೆ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ, ಸೈಕಲ್ಲಿಗೆ ಚೆನ್ನಾಗಿರುವ ಕಾಲವೂ ಅದೇ.

ಡಾಂಬರಿನ ಮೇಲೆ ತುಳಿಯುವವರಿಗೆ ಹೆಚ್ಚು ಭಯ ಬೇಡ. ಅಪಾಯ ಇರುವುದು ದಣಿವಾಯ್ತು ಅಂತ ಕಾಡಿನ ದರಕಿನ ಮೇಲೆ ಅಂಗಾತ ಮಲಗಿದಾಗ, ಕಾಲುದಾರಿಗೆ ನುಗ್ಗಿದಾಗ. ವಿಶ್ರಾಂತಿಗೆ ಬಸ್ ಸ್ಟ್ಯಾಂಡ್ ಕಟ್ಟೆ, ಅಂಗಡಿ ಬೆಂಚು ನೋಡಿಕೊಳ್ಳಿ. ಕಾಡಿಗೆ ಇಳಿಯಲೇಬೇಕಾದರೆ ಉದ್ದ ಪ್ಯಾಂಟು, ಕಾಲುಚೀಲ ಹಾಕಿ, ಉಣುಗು ಹತ್ತದಂತೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ಎಣ್ಣೆ ಹಚ್ಚಿ. ಸಂಜೆ ಬಿಸಿನೀರು ಸ್ನಾನ ಮಾಡಿ ಕಂಕುಳು, ಮಂಡಿಯ ಹಿಂದೆ, ಸೊಂಟದ ಸುತ್ತ ನೋಡಿಕೊಳ್ಳಿ. ಮರಿ ಉಣುಗು ಚುಕ್ಕಿಯಷ್ಟೇ ಇರುತ್ತದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೋ ಆಶಾ ಕಾರ್ಯಕರ್ತೆಗೋ ತಿಳಿಸಿ. ವಾಪಸ್ ಬಂದ ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಕಾಡಿನಲ್ಲಿ ತಿರುಗಿದ್ದೆ ಅಂತ ಹೇಳಲೇಬೇಕು.

ಉಂಬಳ ಮಳೆಗಾಲದ್ದು. ಕಚ್ಚಿದರೆ ಉಪ್ಪು ಹಾಕಿ, ಬಿಡುತ್ತದೆ. ಕಾಯಿಲೆ ಏನೂ ಇಲ್ಲ, ತುರಿಕೆ ಮಾತ್ರ.

ಪ್ರಶ್ನೆ: ಮಳೆಗಾಲದಲ್ಲೇ ಆಗುಂಬೆ ಚೆನ್ನ ಅಲ್ವಾ? ಜುಲೈನಲ್ಲಿ ಹೋಗುವ ಪ್ಲಾನ್ ಇದೆ.
(ಬೆಂಗಳೂರಿನಲ್ಲಿರುವ ಕೊಪ್ಪದ ಓದುಗ)

ಉತ್ತರ: ಚೆನ್ನ ಹೌದು, ಸೈಕಲ್ಲಿಗೆ ಅಲ್ಲ. ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರದು. ಗುಡ್ಡ ಕುಸಿಯುತ್ತದೆ, ಘಾಟಿ ಬಂದ್ ಆಗುತ್ತದೆ, ಮಂಜಿನಲ್ಲಿ ನೀವು ಯಾರಿಗೂ ಕಾಣುವುದಿಲ್ಲ. ಊರಿಗೆ ಬಂದವರು ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ತಿಂದು ಮಳೆ ನೋಡಿ. ಸೈಕಲ್ ನವೆಂಬರಿಗೆ ಇಟ್ಟುಕೊಳ್ಳಿ. ಅಕ್ಟೋಬರಿನಲ್ಲೂ ಸಂಜೆ ಹೊತ್ತು ಗುಡುಗು ಮಳೆ ಇರುತ್ತದೆ, ಮೂರು ಗಂಟೆಯೊಳಗೆ ದಿನದ ದಾರಿ ಮುಗಿಸಿದರೆ ತೊಂದರೆಯಿಲ್ಲ.

ಪ್ರಶ್ನೆ: ದಾರಿಯಲ್ಲಿ ಏನು ತಿನ್ನಬೇಕು, ಏನು ಕುಡಿಯಬೇಕು? ಪೌಡರ್, ಜೆಲ್ ಅಂತೆಲ್ಲ ಬರುತ್ತವಲ್ಲ?
(ಶಿವಮೊಗ್ಗ)

ಉತ್ತರ: ಅದೆಲ್ಲ ರೇಸಿನವರಿಗೆ ಬಿಡಿ. ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ, ಬರೀ ನೀರು ಕುಡಿದರೆ ತಲೆ ಸುತ್ತುವುದು ಅದಕ್ಕೇ. ಮೇಲಿನವರಿಗೆ ಅಪ್ಪೆಹುಳಿ, ಉಪ್ಪು ಹಾಕಿದ ಮಜ್ಜಿಗೆ ಇದೆ. ಕೆಳಗೆ ಬೊಂಡ (ಎಳನೀರು), ಪುನರ್ಪುಳಿ ಪಾನಕ. ಯಾವುದೂ ಸಿಗದ ಜಾಗಕ್ಕೆ ಎರಡು ಓಆರ್‌ಎಸ್ ಪೊಟ್ಟಣ ಜೇಬಿನಲ್ಲಿರಲಿ. ಬೆಳಿಗ್ಗೆ ನೀರು ದೋಸೆಯೋ ಕಡುಬೋ ಹೊಟ್ಟೆ ತುಂಬ ತಿನ್ನಿ. ಮಧ್ಯಾಹ್ನ ಮೀನೂಟ ಮುಗಿಸಿ ಕೂಡಲೇ ಸೈಕಲ್ ಹತ್ತುವ ಸಾಹಸ ಬೇಡ. ಗೋಳಿಬಜೆ ಎಷ್ಟು ತಿನ್ನಬಹುದು ಅಂತ ಕೇಳಬೇಡಿ, ನಾನು ಸರಿಯಾದ ಉತ್ತರ ಕೊಡಲಾರೆ.

ಪ್ರಶ್ನೆ: ಹೆದ್ದಾರಿಯಲ್ಲಿ ಹೋದಾಗಲೆಲ್ಲ ಪಂಕ್ಚರ್. ಪ್ಯಾಚ್ ಹಾಕಿದ ಮೇಲೂ ಮತ್ತೆ ಅಲ್ಲೇ ಗಾಳಿ ಹೋಗುತ್ತದೆ.
(ಆನಂದಪುರ)

ಉತ್ತರ: ಮುಳ್ಳಲ್ಲ ಅದು, ತಂತಿ. ಲಾರಿ ಟಯರ್ ಒಡೆದಾಗ ಒಳಗಿನ ಉಕ್ಕಿನ ಎಳೆ ರಸ್ತೆ ಅಂಚಿನಲ್ಲಿ ಚೆಲ್ಲುತ್ತದೆ, ಕೂದಲಿನಷ್ಟು ಸಣ್ಣ. ಟಯರಿಗೆ ಚುಚ್ಚಿ ಒಳಗೇ ಉಳಿಯುತ್ತದೆ. ಟ್ಯೂಬಿಗೆ ಪ್ಯಾಚ್ ಹಾಕುತ್ತೀರಿ, ತಂತಿ ಟಯರಿನಲ್ಲೇ ಇರುತ್ತದೆ, ಎರಡು ಕಿಲೋಮೀಟರಿಗೆ ಮತ್ತೆ ಚುಚ್ಚುತ್ತದೆ.

ಟ್ಯೂಬ್ ತೆಗೆಯುವಾಗ ವಾಲ್ವ್ ಟಯರಿನ ಯಾವ ಬರಹದ ಎದುರಿಗಿತ್ತು ಅಂತ ನೋಡಿಕೊಳ್ಳಿ. ತೂತು ಸಿಕ್ಕಿದ ಮೇಲೆ ಟ್ಯೂಬನ್ನು ಟಯರಿನ ಪಕ್ಕ ಅದೇ ರೀತಿ ಇಟ್ಟರೆ ತಂತಿ ಎಲ್ಲಿದೆ ಅಂತ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಬೆರಳು ಹಾಕಿ ಹುಡುಕಬೇಡಿ, ಕೊಯ್ಯುತ್ತದೆ. ಹಳೇ ಬನಿಯನ್ ತುಂಡನ್ನು ಟಯರಿನ ಒಳಗೆ ಎಳೆಯಿರಿ. ತಂತಿ ಇರುವಲ್ಲಿ ನೂಲು ಸಿಕ್ಕಿಕೊಳ್ಳುತ್ತದೆ. ಉಗುರು ಕತ್ತರಿಯಿಂದ ಹಿಡಿದು ಎಳೆದರೆ ಬರುತ್ತದೆ.

ವಾಲ್ವ್ ಯಾವ ಥರದ್ದು ಅಂತಲೂ ನೋಡಿ. ಬೈಕಿನಂಥ ದಪ್ಪ ವಾಲ್ವ್ ಆದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುತ್ತದೆ, ಆದರೆ ಅಲ್ಲಿ ಒತ್ತಡ ಜಾಸ್ತಿ, ಸ್ವಲ್ಪ ಸ್ವಲ್ಪವೇ ಬಿಡಲು ಹೇಳಿ. ಸಣ್ಣ ಉದ್ದ ವಾಲ್ವ್ ಆದರೆ ಹಳ್ಳಿ ಅಂಗಡಿಯ ಪಂಪು ಕೂರುವುದಿಲ್ಲ. ನಿಮ್ಮದೇ ಕೈ ಪಂಪು, ಇಲ್ಲವೇ ಸಣ್ಣ ಹಿತ್ತಾಳೆ ಅಡಾಪ್ಟರ್ ಬೇಕು. ಬದಲಿ ಟ್ಯೂಬ್ ಎರಡಿರಲಿ.

ಪ್ರಶ್ನೆ: ನಾಯಿ ಅಟ್ಟಿಸಿಕೊಂಡು ಬಂದರೆ?
(ಕೋಣಂದೂರು)

ಉತ್ತರ: ಜೋರಾಗಿ ತುಳಿದರೆ ಅದಕ್ಕೆ ಆಟ ಇನ್ನೂ ಹುರುಪಾಗುತ್ತದೆ. ನಿಲ್ಲಿ, ಇಳಿದು ಸೈಕಲ್ಲನ್ನು ನಾಯಿಗೂ ನಿಮಗೂ ನಡುವೆ ಇಟ್ಟುಕೊಳ್ಳಿ, "ಹಚಾ" ಅಂತ ಗದರಿ, ನಡೆದುಕೊಂಡೇ ಅದರ ಮನೆಯ ಎಲ್ಲೆ ದಾಟಿ. ಹೆಚ್ಚಿನವು ಅಷ್ಟಕ್ಕೆ ಬಿಡುತ್ತವೆ. ಕಚ್ಚಿದರೆ ಮಾತ್ರ ಹರಿಯುವ ನೀರಿನಲ್ಲಿ ಸೋಪು ಹಾಕಿ ಕಾಲು ಗಂಟೆ ತೊಳೆದು ಅವತ್ತೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿಸಿ. ಪ್ರವಾಸ ಮುಗಿಸಿ ಊರಲ್ಲಿ ನೋಡೋಣ ಅನ್ನಬೇಡಿ.